ಕಾಯಿಲೆ ಇಡೀ ಮನೆಯದು, ಬೆಲೆ ಮಾತ್ರ ಅವಳದು



ಕೆಲವು ತಿಂಗಳ ಹಿಂದೆ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ಕಂಡ ಘಟನೆಯಿಂದಲೇ ಈ ಸಂಚಿಕೆಯ ಮಾತನ್ನು ಆರಂಭಿಸುತ್ತೇನೆ. ವಾರದ ಉಳಿತಾಯ ಎಣಿಸಿ, ಪುಸ್ತಕಕ್ಕೆ ಬರೆದು, ಸಾಲ ಯಾರಿಗೆ ಬೇಕೆಂದು ಕೇಳುವ ಹೊತ್ತಿಗೆ ಹಿಂದೆ ಗೋಡೆಗೊರಗಿ ಕುಳಿತಿದ್ದ ಸದಸ್ಯೆಯೊಬ್ಬಳು ಎದ್ದು ಮುಂದೆ ಬಂದಳು. ಎರಡು ತಿಂಗಳಿಂದ ಅವಳು ಸಭೆಗೆ ಬಂದಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಓಲೆಯನ್ನು ಚಾಪೆಯ ಮೇಲಿಟ್ಟು, "ಇದನ್ನ ಇಟ್ಕೊಂಡು ಐದು ಸಾವಿರ ಕೊಡಿ ಅಕ್ಕಾ. ಇದು ಬಿಟ್ರೆ ನನ್ನ ಹತ್ರ ಇನ್ನೇನೂ ಉಳಿದಿಲ್ಲ" ಎಂದಳು. ಹೇಳುತ್ತಿರುವಾಗಲೇ ಕೆಮ್ಮು ಬಂತು. ಪಕ್ಕದಲ್ಲಿದ್ದ ಇಬ್ಬರು ಸ್ವಲ್ಪ ಸರಿದು ಕುಳಿತರು. ಸುಳ್ಳೇಕೆ ಹೇಳಲಿ, ನಾನೂ ನನಗರಿವಿಲ್ಲದೆ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದೆ.

ಆಮೇಲೆ ಅವಳಿಂದ ತಿಳಿದದ್ದು ಇಷ್ಟು. ಎರಡು ವರ್ಷದ ಹಿಂದೆ ಅವಳ ಗಂಡನಿಗೆ ಕೆಮ್ಮು, ಸಂಜೆಯ ಜ್ವರ ಕಾಣಿಸಿಕೊಂಡಿತು. ಗಾರೆ ಕೆಲಸದವನು, ಒಂದು ದಿನ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಮೂರು ತಿಂಗಳ ಕಾಲ ಪೇಟೆಯ ಖಾಸಗಿ ವೈದ್ಯರಲ್ಲಿಗೆ ಅಲೆದರು. ಸಿರಪ್ಪು, ಇಂಜೆಕ್ಷನ್, ಎಕ್ಸ್‌ರೇ, ಮತ್ತೆ ಬೇರೆ ವೈದ್ಯರು, ಮತ್ತೆ ಬೇರೆ ಸಿರಪ್ಪು. ಅವಳ ಎರಡು ಬಳೆ ಗಿರವಿ ಅಂಗಡಿಗೆ ಹೋದವು, ಸರ ಮಾರಾಟವಾಯಿತು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಕ್ಷಯವೆಂದರು. ಮಾತ್ರೆ ಉಚಿತವಾಗಿ ಸಿಕ್ಕಿತು. ಆರು ತಿಂಗಳು ಅವಳು ಗಂಡನಿಗೆ ದಿನವೂ ಮಾತ್ರೆ ನುಂಗಿಸಿದಳು, ಮೊಟ್ಟೆ ಬೇಯಿಸಿ ಕೊಟ್ಟಳು, ಅವನ ಕೂಲಿಯ ಬದಲು ತಾನೇ ಕೂಲಿಗೆ ಹೋದಳು. ಅವನು ಗುಣವಾದ.

ಮರುವರ್ಷ ಕೆಮ್ಮು ಅವಳಿಗೆ ಬಂತು. ಅದೇ ಕಾಯಿಲೆ, ಅದೇ ಆಸ್ಪತ್ರೆ, ಅದೇ ಮಾತ್ರೆ. ಆದರೆ ಈ ಸಲ ಮನೆಯ ನ್ಯಾಯವೇ ಬೇರೆಯಾಯಿತು. "ತವರಿಗೆ ಹೋಗಿ ವಾಸಿ ಮಾಡ್ಕೊಂಡು ಬಾ. ಬರುವಾಗ ಮೂವತ್ತು ಸಾವಿರ ತಾ, ರೋಗದ ಹೆಣ್ಣನ್ನ ನಮ್ಮ ತಲೆಗೆ ಕಟ್ಟಿದ್ದಾರೆ" ಎಂದಳು ಅತ್ತೆ. ಗಂಡ ತಲೆ ತಗ್ಗಿಸಿ ಸುಮ್ಮನಿದ್ದ. ಐದು ವರ್ಷದ ಮಗನನ್ನು ಮನೆಯಲ್ಲೇ ಇಟ್ಟುಕೊಂಡು ಅವಳನ್ನು ಬಸ್ಸು ಹತ್ತಿಸಿದರು. ಸಭೆಯಲ್ಲಿ ಅವಳು ಕೇಳಿದ ಐದು ಸಾವಿರ ಔಷಧಿಗಲ್ಲ. ಅಣ್ಣನ ಮನೆಯಲ್ಲಿ ತಾನು ತಿನ್ನುವ ಅನ್ನಕ್ಕೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ನಾವು ಮದುವೆಯ ಮನೆಯಲ್ಲಿ ಕಣ್ಣೀರಿನ ಜೊತೆ ಹೇಳುತ್ತೇವೆ. ಕಾಯಿಲೆ ಬಿದ್ದ ಹೆಣ್ಣಿಗೆ ಅದರ ಇನ್ನೊಂದು ಅರ್ಥ ತಿಳಿಯುತ್ತದೆ. ಅವಳು ಕೊಟ್ಟ ಮನೆಗೂ ಹೊರಗು, ಹುಟ್ಟಿದ ಮನೆಗೂ ಹೊರಗು.

ಸೋದರಿಯರೇ, ವರದಕ್ಷಿಣೆ ಎಂದರೆ ಮದುವೆಯ ದಿನ ಎಣಿಸಿಕೊಡುವ ಹಣ, ದೌರ್ಜನ್ಯ ಎಂದರೆ ಬೆನ್ನ ಮೇಲಿನ ಬಾಸುಂಡೆ ಎಂದೇ ನಾವು ಬಹಳ ಕಾಲ ತಿಳಿದಿದ್ದೆವು. ಮನೆಗೆ ದೊಡ್ಡ ಕಾಯಿಲೆ ಬಂದಾಗ ಇವೆರಡೂ ಬೇರೆ ವೇಷದಲ್ಲಿ ಒಳಗೆ ಬರುತ್ತವೆ. ಗಂಡಸಿಗೆ ಕಾಯಿಲೆಯಾದರೆ ಅವಳ ಒಡವೆ ಹೋಗುತ್ತದೆ. ಅವಳಿಗೇ ಕಾಯಿಲೆಯಾದರೆ ಅವಳ ಮನೆಯೇ ಹೋಗುತ್ತದೆ. ಈ ಸಂಚಿಕೆಯಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಇದು ಎಲ್ಲೋ ಒಬ್ಬಳ ಕಥೆ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 28 ಲಕ್ಷ ಜನ ಕ್ಷಯಕ್ಕೆ ತುತ್ತಾದರು. ಜಗತ್ತಿನ ಒಟ್ಟು ಕ್ಷಯ ರೋಗಿಗಳಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರು ನಮ್ಮವರು. ಅದೇ ವರ್ಷ ಮೂರು ಲಕ್ಷಕ್ಕಿಂತ ಹೆಚ್ಚು ಜನ ಸತ್ತರು. 2025ರೊಳಗೆ ಕ್ಷಯವನ್ನು ನಿರ್ಮೂಲ ಮಾಡುತ್ತೇವೆಂದು 2018ರಲ್ಲಿ ಘೋಷಣೆಯಾಗಿತ್ತು. ಆ ಗುರಿ ಕೈಗೂಡಲಿಲ್ಲ. ರೋಗಿಗಳಲ್ಲಿ ಗಂಡಸರ ಸಂಖ್ಯೆಯೇ ಹೆಚ್ಚು ಎಂಬುದು ನಿಜ. ಆದರೆ ಹಾಸಿಗೆ ಹಿಡಿದ ಪ್ರತಿ ಗಂಡಸಿನ ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತ ಹೆಂಗಸೊಬ್ಬಳಿದ್ದಾಳೆ. ಅವಳು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಹಾಗಾದರೆ ಆ ಲೆಕ್ಕವನ್ನು ನಾವೇ ಬರೆಯೋಣ. ನಮ್ಮ ಸಂಘಗಳಲ್ಲಿ ಹತ್ತು ರೂಪಾಯಿಗೂ ಲೆಕ್ಕ ಬರೆಯುವುದನ್ನು ಕಲಿತವರಲ್ಲವೇ ನಾವು? ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೂ ಮನೆಗಳು ಏಕೆ ಮುಳುಗುತ್ತವೆ? ಮೊದಲನೆಯದಾಗಿ, ಕಾಯಿಲೆ ಇಂಥದ್ದೆಂದು ಗೊತ್ತಾಗುವ ಮೊದಲೇ ಕೈಯ ಹಣ ಖಾಲಿಯಾಗಿರುತ್ತದೆ. ಎರಡನೆಯದು, ಕೂಲಿ ನಷ್ಟ. ಅದು ರೋಗಿಯದು ಮಾತ್ರವಲ್ಲ, ಆರೈಕೆಗೆ ನಿಂತವಳದೂ ಹೌದು. ಮೂರನೆಯದು ಬಸ್ಸಿನ ಖರ್ಚು, ಊಟದ ಖರ್ಚು. ನಾಲ್ಕನೆಯದು ಕೈಸಾಲದ ಬಡ್ಡಿ. ಕೂಲಿ ನಷ್ಟವೂ ಸೇರಿ ಒಂದು ಕಾಯಿಲೆಯ ಖರ್ಚು ವರ್ಷದ ಆದಾಯದಲ್ಲಿ ನೂರಕ್ಕೆ ಇಪ್ಪತ್ತನ್ನು ಮೀರಿದರೆ ಆ ಕುಟುಂಬಕ್ಕೆ ಅದು ವಿನಾಶಕಾರಿ ಹೊರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಕ್ಷಯ ಬಂದ ಕುಟುಂಬಗಳಲ್ಲಿ ಸುಮಾರು ಅರ್ಧದಷ್ಟು ಆ ಗೆರೆಯನ್ನು ದಾಟುತ್ತವೆ. ಆದರೆ ಆ ಹಣ ಮನೆಯೊಳಗೆ ಯಾರ ಕೊರಳಿನಿಂದ ಬಂತು, ಯಾರ ಕಿವಿಯಿಂದ ಬಂತು ಎಂದು ಕೇಳುವವರು ಯಾರು? ಹೊಲ ಮಾರುವ ಮೊದಲು, ದನ ಮಾರುವ ಮೊದಲು, ಗಂಡನ ಬೈಕು ಮಾರುವ ಮೊದಲು ಹೊರಗೆ ಹೋಗುವುದು ಹೆಂಡತಿಯ ಒಡವೆ. ಅದು ಅವಳ ಕಷ್ಟಕಾಲಕ್ಕೆ ತವರು ಕಟ್ಟಿಕೊಟ್ಟ ಬುತ್ತಿ. ಅವಳ ಕಷ್ಟಕಾಲ ಬರುವ ಹೊತ್ತಿಗೆ ಬುತ್ತಿ ಖಾಲಿಯಾಗಿರುತ್ತದೆ.

ಇನ್ನು ಹಣದಲ್ಲಿ ಅಳೆಯಲಾಗದ ಹೊರೆ. ನಾನು ಹತ್ತು ವರ್ಷದವಳಿದ್ದಾಗ ನಮ್ಮ ಚಿಕ್ಕಮ್ಮ ಗಂಡನ ಮನೆಯಿಂದ ನಮ್ಮ ಮನೆಗೆ ಬಂದಳು. ಹಿತ್ತಲ ಕಡೆಯ ಕೋಣೆ ಅವಳದಾಯಿತು. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಆಗೆಲ್ಲ ವರ್ಷ ದಾಟಿ ಔಷಧಿ ತೆಗೆದುಕೊಳ್ಳಬೇಕಿತ್ತು, ಇಂಜೆಕ್ಷನ್ನುಗಳೂ ಇದ್ದವು. ನಾವು ಮಕ್ಕಳು ಹೊಸಿಲಾಚೆ ನಿಂತು ಅವಳಿಗೆ ಊಟದ ತಟ್ಟೆಯನ್ನು ನೆಲದ ಮೇಲೆ ಜಾರಿಸುತ್ತಿದ್ದೆವು. ಅವಳು ಗುಣವಾದಳು. ಗುಣವಾಗುವ ಹೊತ್ತಿಗೆ ಅವಳ ಗಂಡನಿಗೆ ಇನ್ನೊಂದು ಮದುವೆಯಾಗಿತ್ತು. ಆಮೇಲೆ ಮೂವತ್ತು ವರ್ಷ ಅವಳು ನಮ್ಮ ಮನೆಯಲ್ಲೇ ದುಡಿದಳು. ಆ ತಟ್ಟೆಯಲ್ಲೇ ಉಂಡಳು. "ಇನ್ನು ಇದೇಕೆ ಚಿಕ್ಕಮ್ಮಾ?" ಎಂದು ನಾನು ಕೇಳಿದ್ದು ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. "ಅಭ್ಯಾಸ ಆಗಿದೆ ಬಿಡು" ಎಂದಳು. ಕಾಯಿಲೆ ಅವಳನ್ನು ಬಿಟ್ಟಿತ್ತು, ಅವಮಾನ ಬಿಟ್ಟಿರಲಿಲ್ಲ.

ಅಷ್ಟಕ್ಕೂ ಆ ತಟ್ಟೆಯ ಅಗತ್ಯವೇ ಇರಲಿಲ್ಲ. ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದಾಗಿ ಜರ್ಮನಿಯ ರಾಬರ್ಟ್ ಕಾಕ್ ಲೋಕಕ್ಕೆ ಸಾರಿದ್ದು 1882ರ ಮಾರ್ಚ್ 24ರಂದು. ಅದು ವಂಶದಿಂದ ಬರುವ ಶಾಪವಲ್ಲ, ಹೆಣ್ಣಿನ ಕಾಲ್ಗುಣವಲ್ಲ. ಗಾಳಿಯಿಂದ ಹರಡುವ ಒಂದು ಸೂಕ್ಷ್ಮಜೀವಿ. ತಟ್ಟೆಯಿಂದ, ಬಟ್ಟೆಯಿಂದ, ಮುಟ್ಟುವುದರಿಂದ ಅದು ಹರಡುವುದಿಲ್ಲ. ಇನ್ನೊಂದು ಸಂಗತಿಯನ್ನು ಪ್ರತಿ ಸಂಘದಲ್ಲೂ ಹೇಳಬೇಕು. 1956ರಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮದ್ರಾಸಿನ ಬಡ ಬೀದಿಗಳ ರೋಗಿಗಳ ಮೇಲೆ ನಡೆಯಿತು. ಅರ್ಧ ಜನರನ್ನು ಸ್ಯಾನಿಟೋರಿಯಮ್ಮಿನಲ್ಲಿಟ್ಟು, ಉಳಿದರ್ಧ ಜನರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಹಾಗೆ ಮನೆಯಲ್ಲೇ ಇದ್ದುದರಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. ಜಗತ್ತಿನಾದ್ಯಂತ ಕ್ಷಯದ ಚಿಕಿತ್ಸೆ ಆಸ್ಪತ್ರೆಯ ಗೋಡೆಯಿಂದ ಮನೆಗೆ ಬಂದದ್ದರ ಹಿಂದೆ ಈ ಅಧ್ಯಯನದ ದೊಡ್ಡ ಪಾಲಿದೆ. ಅದೇ 1959ರಲ್ಲಿ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅರವತ್ತಕ್ಕೂ ಹೆಚ್ಚು ವರ್ಷಗಳಾದವು. ವಿಜ್ಞಾನ ರೋಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿತು. ಮನೆ ಮಾತ್ರ ಸೊಸೆಯನ್ನು ಇವತ್ತಿಗೂ ಹೊರಗೆ ಕಳಿಸುತ್ತಿದೆ.

ಸಾಮಾನ್ಯ ಕ್ಷಯಕ್ಕೆ ಇವತ್ತು ಆರು ತಿಂಗಳ ಚಿಕಿತ್ಸೆ. ಔಷಧಿಗೆ ಬಗ್ಗುವ ಕ್ಷಯದಲ್ಲಿ, ಸರಿಯಾದ ಚಿಕಿತ್ಸೆ ಆರಂಭವಾದ ಎರಡು ಮೂರು ವಾರಗಳಲ್ಲಿ ಬೇರೆಯವರಿಗೆ ಹರಡುವ ಶಕ್ತಿ ಬಹಳ ತಗ್ಗಿಬಿಡುತ್ತದೆ. ಅಷ್ಟು ದಿನ ಮೂಗು ಬಾಯಿಗೆ ಮುಸುಕು, ಕಿಟಕಿ ತೆರೆದ ಕೋಣೆ, ಕೆಮ್ಮುವಾಗ ಅಡ್ಡ ಬಟ್ಟೆ ಇದ್ದರೆ ಸಾಕು. ಔಷಧಿ ತೆಗೆದುಕೊಳ್ಳುತ್ತಿರುವ ತಾಯಿ ಮಗುವಿಗೆ ಹಾಲುಣಿಸುವುದನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಅಂದು ಸಭೆಯಲ್ಲಿ ಕೆಮ್ಮಿದ ಆ ಸದಸ್ಯೆ ಔಷಧಿ ಆರಂಭಿಸಿ ಆಗಲೇ ಒಂದೂವರೆ ತಿಂಗಳಾಗಿತ್ತು. ನಾವು ಸರಿದು ಕುಳಿತದ್ದು, ನಾನು ಸೆರಗು ಒತ್ತಿಕೊಂಡದ್ದು ಎಲ್ಲವೂ ನಮ್ಮ ಅಜ್ಞಾನದಿಂದ. ಓದಿದವಳು ಎಂಬ ನನ್ನ ಹೆಮ್ಮೆ ಅಂದು ತಗ್ಗಿತು. ಅವಳ ಅತ್ತೆಯನ್ನೂ ನಾನು ರಾಕ್ಷಸಿ ಎನ್ನಲಾರೆ. ಮಗನ ಕಾಯಿಲೆಯಲ್ಲಿ ಮನೆ ಬರಿದಾದುದನ್ನು ಕಂಡ ಹೆಂಗಸು ಅವಳು. ಮೊಮ್ಮಗನಿಗೂ ಬಂದರೆ ಎಂಬ ಭಯ ಅವಳದು. ಭಯ ನಿಜವಾದದ್ದೇ. ಆದರೆ ಆ ಭಯದ ಬೆಲೆಯನ್ನು ಯಾವಾಗಲೂ ಸೊಸೆಯೇ ಏಕೆ ಕಟ್ಟಬೇಕು?

ಇನ್ನು ಅನ್ನದ ಮಾತು. "ಊಟ ಬಲ್ಲವನಿಗೆ ರೋಗವಿಲ್ಲ" ಎನ್ನುತ್ತೇವೆ. ಊಟ ಬಡಿಸಿ, ಎಲ್ಲರದ್ದೂ ಆದ ಮೇಲೆ ಪಾತ್ರೆಯ ತಳ ಕೆರೆದು ತಿನ್ನುವವಳಿಗೆ? ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದ ಮುಂಚೂಣಿಯಲ್ಲಿದ್ದವರು ನಮ್ಮ ಮಂಗಳೂರಿನ ವೈದ್ಯ ದಂಪತಿ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಕ್ಷಯ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಹೆಚ್ಚಾಗಿ ಕೊಟ್ಟು ನೋಡಿದರು. ಅಂಥ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಹೊಟ್ಟೆ ತುಂಬ ಅನ್ನವೇ ಒಂದು ಔಷಧಿಯಾಯಿತು. ಆ ಸದಸ್ಯೆ ಗಂಡನಿಗೆ ಮೊಟ್ಟೆ ಬೇಯಿಸಿ ಕೊಟ್ಟ ಆರು ತಿಂಗಳಲ್ಲಿ ತಾನೊಂದು ಮೊಟ್ಟೆಯನ್ನೂ ತಿಂದಿರಲಿಲ್ಲ. ಅವಳಿಗೆ ಕಾಯಿಲೆ ಗಾಳಿಯಿಂದ ಬಂತು ಎನ್ನುವುದು ಅರ್ಧ ಸತ್ಯ. ಕೊನೆಯಲ್ಲಿ ಉಣ್ಣುವ ಪದ್ಧತಿಯಿಂದಲೂ ಬಂತು ಎನ್ನುವುದು ಉಳಿದರ್ಧ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಕ್ಷಯವೆಂದು ತಿಳಿದ ಕೂಡಲೇ ಉಳಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಾಯಿಲೆ ಬರದಂತೆ ತಡೆಯುವ ಮಾತ್ರೆಯೂ ಇದೆ, ವೈದ್ಯರನ್ನು ಕೇಳಬೇಕು. ಆ ಸಾಲಿನಲ್ಲಿ ಹೆಂಗಸು ಕೊನೆಯವಳಾಗಬಾರದು.

ಕಾನೂನು ಏನು ಹೇಳುತ್ತದೆ? ಹಿಂದೂ ವಿವಾಹ ಕಾಯಿದೆಯಲ್ಲಾಗಲಿ, ವಿಶೇಷ ವಿವಾಹ ಕಾಯಿದೆಯಲ್ಲಾಗಲಿ ಕ್ಷಯ ವಿಚ್ಛೇದನಕ್ಕೆ ಕಾರಣವೇ ಅಲ್ಲ. ಹಿಂದೆ ಕುಷ್ಠ ಕಾರಣವಾಗಿತ್ತು; 2019ರ ತಿದ್ದುಪಡಿಯಿಂದ ಅದನ್ನೂ ತೆಗೆದುಹಾಕಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಹೆಂಡತಿಯ ಆರೋಗ್ಯಕ್ಕೆ ಅಪಾಯ ತರುವುದೂ ದೌರ್ಜನ್ಯ, ಅವಳ ಸ್ತ್ರೀಧನವನ್ನು ಅವಳಿಗೆ ಸಿಗದಂತೆ ಮಾಡುವುದೂ ದೌರ್ಜನ್ಯ, ತವರಿನಿಂದ ಹಣ ತಾ ಎಂದು ಪೀಡಿಸುವುದೂ ದೌರ್ಜನ್ಯ. ಕಟ್ಟಿಕೊಂಡವನ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ, ಆ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ಚಿಕಿತ್ಸೆಯ ಖರ್ಚನ್ನು ಕೊಡಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ಸ್ತ್ರೀಧನ ಸಂಪೂರ್ಣವಾಗಿ ಹೆಣ್ಣಿನದೇ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲೇ ಹೇಳಿತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಎತ್ತಿಹಿಡಿದು, ಗಂಡ ಕಷ್ಟಕಾಲದಲ್ಲಿ ಅದನ್ನು ಬಳಸಿಕೊಳ್ಳಬಹುದು, ಆದರೆ ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವ ನೈತಿಕ ಹೊಣೆ ಅವನದು ಎಂದಿತು. ಗಂಡನ ಪ್ರಾಣ ಉಳಿಸಲು ಬಳೆ ಬಿಚ್ಚಿಕೊಡಬೇಡಿ ಎಂದು ನಾನು ಹೇಳುವುದಿಲ್ಲ; ಯಾವ ಹೆಣ್ಣೂ ಆ ಮಾತು ಕೇಳಲಾರಳು. ಕೊಟ್ಟದ್ದು ಸಾಲ ಎಂಬುದನ್ನು ಮಾತ್ರ ಮರೆಯಬೇಡಿ.

ಹಾಗಾದರೆ ಸಂಘ ಏನು ಮಾಡಬಹುದು? ದೊಡ್ಡ ಕ್ರಾಂತಿಯ ಮಾತು ಬೇಡ, ನಮ್ಮ ಕೈಯಲ್ಲಿ ಆಗುವುದನ್ನೇ ಹೇಳುತ್ತೇನೆ.

ಮೊದಲನೆಯದು, ಎರಡು ವಾರ ದಾಟಿದ ಕೆಮ್ಮನ್ನು ಸಂಘದ ವಿಷಯವೆಂದು ತಿಳಿಯಿರಿ. ಸದಸ್ಯೆಗಾಗಲಿ ಅವಳ ಮನೆಯವರಿಗಾಗಲಿ ಅಂಥ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಒಬ್ಬರು ಜೊತೆಗೆ ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆ ನಿಮ್ಮ ಊರಿನವಳೇ, ಅವಳನ್ನು ಕರೆಯಿರಿ. ಮೂರು ತಿಂಗಳ ಅಲೆದಾಟ ಮೂರು ದಿನಕ್ಕೆ ಇಳಿದರೆ ಎರಡು ಬಳೆ ಉಳಿಯುತ್ತವೆ.

ಎರಡನೆಯದು, ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಹಣ ಕೊಡುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾಗಿ, 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ. ಅದು ರೋಗಿಯ ಹೆಸರಿನ ಬ್ಯಾಂಕ್ ಖಾತೆಗೇ ಬರುವಂತೆ ನೋಡಿಕೊಳ್ಳಿ. ಗಂಡನ ಖಾತೆಗೆ ಬಂದ ಹಣ ಅವಳ ತಟ್ಟೆಗೆ ಬರುತ್ತದೆಂಬ ಭರವಸೆ ಇಲ್ಲ. ಹಣ ಬಾರದಿದ್ದರೆ 1800116666 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ಕೇಳಿ.

ಮೂರನೆಯದು, ಔಷಧಿ ನಡುವೆ ನಿಲ್ಲದಂತೆ ಕಾಯಿರಿ. ಮಾತ್ರೆಯಿಂದ ಮೂತ್ರ ಕೆಂಪಾಗುವುದುಂಟು, ಅದಕ್ಕೆ ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಗರ್ಭನಿರೋಧಕ ಗುಳಿಗೆ ನುಂಗುವವರಿಗೆ ಇನ್ನೊಂದು ಎಚ್ಚರಿಕೆ: ಕ್ಷಯದ ಒಂದು ಮುಖ್ಯ ಔಷಧಿ ಆ ಗುಳಿಗೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಬೇರೆ ದಾರಿಯನ್ನು ವೈದ್ಯರಲ್ಲಿ ಕೇಳಬೇಕು. ಎರಡು ತಿಂಗಳಿಗೆ ಗುಣವಾದಂತೆ ಅನಿಸಿತೆಂದು ಮಾತ್ರೆ ಬಿಟ್ಟರೆ, ಔಷಧಿಗೆ ಬಗ್ಗದ ಕ್ಷಯವಾಗಿ ತಿರುಗಬಹುದು. ತವರಿಗೂ ಗಂಡನ ಮನೆಗೂ ಅಲೆಯುವ ಹೆಣ್ಣಿನ ಔಷಧಿ ತಪ್ಪುವುದು ಇಂಥಲ್ಲೇ. ಊರು ಬದಲಾದರೆ ಚಿಕಿತ್ಸೆಯನ್ನೂ ಅಲ್ಲಿನ ಆಸ್ಪತ್ರೆಗೆ ವರ್ಗ ಮಾಡಿಸಬಹುದು.

ನಾಲ್ಕನೆಯದು, ಒಡವೆ ಮಾರುವ ಮೊದಲು ಸಂಘಕ್ಕೆ ಬನ್ನಿ. ಪ್ರತಿ ಸಂಘವೂ ಉಳಿತಾಯದಲ್ಲಿ ಒಂದು ಸಣ್ಣ ಪಾಲನ್ನು ಕಾಯಿಲೆಯ ನಿಧಿಯೆಂದು ತೆಗೆದಿಡಲಿ, ಬಡ್ಡಿ ಇಲ್ಲದೆ ಕೊಡಲಿ. ಮಾರಲೇಬೇಕಾಗಿ ಬಂದರೆ ಯಾವ ಒಡವೆ, ಎಷ್ಟು ತೂಕ, ಯಾವ ದಿನ, ಯಾರ ಚಿಕಿತ್ಸೆಗೆ ಎಂದು ಬರೆದು ಗಂಡನ ಸಹಿ ಹಾಕಿಸಿ, ಇಬ್ಬರು ಸದಸ್ಯೆಯರು ಸಾಕ್ಷಿ ಹಾಕಿ ಇಟ್ಟುಕೊಳ್ಳಿ. ಗಿರವಿ ಚೀಟಿಯನ್ನು ಕಳೆಯಬೇಡಿ.

ಐದನೆಯದು, ಕಾಯಿಲೆಯ ಕಾರಣಕ್ಕೆ ಹೊರಹಾಕಿದರೆ ಸುಮ್ಮನಿರಬೇಡಿ. ಮೊದಲು ನಾಲ್ಕು ಜನ ಹೋಗಿ ಮಾತನಾಡಿ, ಆರೋಗ್ಯ ಕಾರ್ಯಕರ್ತೆಯನ್ನೂ ಕರೆದೊಯ್ಯಿರಿ. ಆಗದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ, ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಇವೆಲ್ಲದರ ಜೊತೆಗೆ ಬಾಯಿಯ ಮೇಲೊಂದು ಹಿಡಿತವಿರಲಿ. ಒಬ್ಬ ಹುಡುಗಿಗೆ ಕ್ಷಯವಿತ್ತು ಎಂಬ ಮಾತು ಬಾವಿಕಟ್ಟೆಯಿಂದ ಹೊರಟರೆ ಅವಳ ತಂಗಿಯ ಮದುವೆಯ ವರದಕ್ಷಿಣೆ ಏರುತ್ತದೆ. ಆ ಏರಿಕೆಯಲ್ಲಿ ನಮ್ಮ ನಾಲಿಗೆಯ ಪಾಲೂ ಇರುತ್ತದೆ.

ಆ ಸದಸ್ಯೆಯ ವಿಷಯ ಏನಾಯಿತೆಂದು ನೀವು ಕೇಳಬಹುದು. ಅಂದು ಸಂಘದ ಅಧ್ಯಕ್ಷೆ ಓಲೆಗಳನ್ನು ಎತ್ತಿ ಅವಳ ಕೈಗೇ ಕೊಟ್ಟು, "ಹಾಕ್ಕೋ" ಎಂದಳು. ಐದು ಸಾವಿರವನ್ನು ಬಡ್ಡಿ ಇಲ್ಲದೆ ಕೊಟ್ಟರು. ಮುಂದಿನ ವಾರ ಮೂವರು ಸದಸ್ಯೆಯರು ಆಶಾ ಕಾರ್ಯಕರ್ತೆಯೊಡನೆ ಅವಳ ಗಂಡನ ಮನೆಗೆ ಹೋದರು. ಅತ್ತೆ ಮೊದಲು ಬಾಗಿಲಲ್ಲೇ ಜಗಳವಾಡಿದಳು, ಆಮೇಲೆ ಕುಳಿತು ಕೇಳಿದಳು. ಮನೆಯವರೆಲ್ಲರ ಪರೀಕ್ಷೆ ಆಯಿತು, ಮಗುವಿಗೆ ಕಾಯಿಲೆ ಇಲ್ಲ. ಈಗ ವಾರಕ್ಕೊಮ್ಮೆ ಗಂಡ ಮಗನನ್ನು ಕರೆತಂದು ತೋರಿಸಿ ಹೋಗುತ್ತಾನೆ. ಮನೆಗೆ ಬಾ ಎಂದು ಇನ್ನೂ ಕರೆದಿಲ್ಲ. ಮಾರಿದ ಸರದ ಬಗ್ಗೆ ಮಾತಿಲ್ಲ. ಮೂವತ್ತು ಸಾವಿರದ ಮಾತೂ ಮತ್ತೆ ಬಂದಿಲ್ಲ. ಅವಳ ಚಿಕಿತ್ಸೆಗೆ ಇನ್ನೆರಡು ತಿಂಗಳಿದೆ. ತೂಕ ನಾಲ್ಕು ಕಿಲೋ ಹೆಚ್ಚಿದೆ. ಮನೆಯ ವಿಷಯದಲ್ಲಿ ಅವಳು ಏನು ತೀರ್ಮಾನ ಮಾಡುತ್ತಾಳೋ ಅದರ ಹಿಂದೆ ಸಂಘ ನಿಲ್ಲುತ್ತದೆ.

ಇದು ಪೂರ್ತಿ ಗೆಲುವಲ್ಲ. ಆದರೆ ನನ್ನ ಚಿಕ್ಕಮ್ಮನ ಪಕ್ಕದಲ್ಲಿ ಹೀಗೆ ನಾಲ್ಕು ಜನ ಹೆಂಗಸರು ಇರಲಿಲ್ಲ. ಇವಳ ಪಕ್ಕದಲ್ಲಿದ್ದಾರೆ. ಕಳೆದ ಸಭೆಯಲ್ಲಿ ಚಹಾ ಬಂದಾಗ ಅವಳು ತನ್ನ ಲೋಟವನ್ನು ಚೀಲದಿಂದ ತೆಗೆಯಲು ಹೋದಳು. ಪಕ್ಕದವಳು ಕೈ ಹಿಡಿದು ತಡೆದು, ಎಲ್ಲರಿಗೂ ಕೊಟ್ಟಂಥ ಲೋಟವನ್ನೇ ಅವಳ ಕೈಗಿತ್ತಳು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಯಾರಾದರೂ ಬಹಳ ದಿನದಿಂದ ಬಾರದಿದ್ದರೆ ಬರಿಯ ಗೈರುಹಾಜರಿ ಎಂದು ಬರೆದು ಮುಗಿಸಬೇಡಿ. ಅವಳ ಮನೆಗೆ ಹೋಗಿ ಬನ್ನಿ.